ಹನ್ನೊಂದು ಗಂಟೆಯ ಜ್ವರ

ನಮ್ಮ ಶಾಲೆಯ ಗೇಟಿನ ಮೇಲೆ ದೊಡ್ಡದೊಂದು ಫ್ಲೆಕ್ಸ್ ಇದೆ. ಅದರಲ್ಲಿ ಸ್ಮಾರ್ಟ್ ಕ್ಲಾಸಿನ ಪಕ್ಕ, ಕರಾಟೆ ಮಾಡುವ ಮಕ್ಕಳ ಕೆಳಗೆ, ಬಿಳಿ ಕೋಟು ಹಾಕಿಕೊಂಡು ಸ್ಟೆತಾಸ್ಕೋಪ್ ಹಿಡಿದ ನೀಲಾಂಬಿಕಾ ನಗುತ್ತಿದ್ದಾಳೆ. ‘ಪೂರ್ಣಾವಧಿ ನರ್ಸ್ ಸೌಲಭ್ಯ ಉಂಟು’ ಎಂದು ಕೆಂಪಕ್ಷರ. ಆ ಸ್ಟೆತಾಸ್ಕೋಪನ್ನು ಫೋಟೋದವನೇ ತಂದಿದ್ದ. ಫೋಟೋ ತೆಗೆದ ಮೇಲೆ ಅವನೇ ತೆಗೆದುಕೊಂಡು ಹೋದ. ಆ ನಗುವನ್ನೂ ಅವನೇ ತಂದಿದ್ದನೇನೋ, ಆಮೇಲೆ ಅವಳ ಮುಖದ ಮೇಲೆ ನಾನು ಅದನ್ನು ಹೆಚ್ಚು ಕಂಡಿಲ್ಲ.

ನಾನು ಅದೇ ಶಾಲೆಯಲ್ಲಿ ಕನ್ನಡ ಕಲಿಸುವವಳು. ಬಾಗಲಗುಂಟೆಯ ಇಂಗ್ಲಿಷ್ ಮೀಡಿಯಂ ಶಾಲೆಯಲ್ಲಿ ಕನ್ನಡ ಟೀಚರ್ ಎಂದರೆ ಊಟದೆಲೆಯ ಉಪ್ಪಿನಕಾಯಿ ಇದ್ದ ಹಾಗೆ: ಇರಬೇಕು, ಆದರೆ ಎಲೆಯ ತುದಿಯಲ್ಲಿರಬೇಕು. ಹಾಗಾಗಿ ನನ್ನ ಕುರ್ಚಿ ಸ್ಟಾಫ್ ರೂಮಿನ ಕಟ್ಟಕಡೆಗೆ, ಪ್ಲೈವುಡ್ ಗೋಡೆಗೆ ಅಂಟಿಕೊಂಡಿದೆ. ಗೋಡೆಯಾಚೆ ಸಿಕ್ ರೂಮು. ಅಲ್ಲಿ ಮಗುವೊಂದು ನರಳಿದರೂ ನನಗೆ ಕೇಳಿಸುತ್ತದೆ. ನೀಲಾಂಬಿಕಾಳ ಗೋಳು ನನಗೆ ಗೊತ್ತಿರುವಷ್ಟು ಅವಳ ಗಂಡನಿಗೂ ಗೊತ್ತಿರಲಾರದು.

ಅವಳು ಹುನಗುಂದದ ಕಡೆಯವಳು. ನರ್ಸಿಂಗ್ ಡಿಪ್ಲೊಮಾ ಮುಗಿಸಿ, ದಾಸರಹಳ್ಳಿಯ ಒಂದು ನರ್ಸಿಂಗ್ ಹೋಮಿನಲ್ಲಿ ರಾತ್ರಿ ಪಾಳಿ ಮಾಡಿ ಮಾಡಿ ಸಾಕಾಗಿ, ಹಗಲು ಕೆಲಸ, ಭಾನುವಾರ ರಜೆ, ಮಕ್ಕಳ ನಡುವೆ ಇರಬಹುದು ಎಂದುಕೊಂಡು ಇಲ್ಲಿಗೆ ಸೇರಿದಳು. ಗಂಡ ಪರಮಾನಂದ ಪೀಣ್ಯದಲ್ಲಿ ಲೇತ್ ಆಪರೇಟರ್. ನೀಲಾಂಬಿಕಾಳ ಬಾಯಿ ಜೋರು, ಕೈ ಮೃದು. ಉಗುರು ಬೆಳೆಸಿಕೊಂಡ ಮಗು ಸಿಕ್ಕಿದರೆ ಬೈಯುತ್ತಲೇ ಎಲ್ಲ ಬೆರಳಿನ ಉಗುರು ಕತ್ತರಿಸಿ, ಬೈಯುತ್ತಲೇ ತಲೆ ಸವರಿ ಕಳಿಸುತ್ತಾಳೆ. ನೀರಿನ ಬಾಟಲಿಯಲ್ಲಿ ಬಣ್ಣದ ಜ್ಯೂಸು ಕಂಡರೆ ಸಿಂಕಿಗೆ ಸುರಿಯುತ್ತಾಳೆ. ಟಾಯ್ಲೆಟ್ಟಿನಲ್ಲಿ ಮಧ್ಯಾಹ್ನದ ಮೇಲೆ ನೀರಿರುವುದಿಲ್ಲ, ಅದಕ್ಕೆ ಹೆದರಿ ಹೆಣ್ಣುಮಕ್ಕಳು ದಿನವಿಡೀ ನೀರೇ ಕುಡಿಯುವುದಿಲ್ಲ ಎಂದು ಸ್ಟಾಫ್ ಮೀಟಿಂಗಿನಲ್ಲಿ ಎದ್ದು ನಿಂತು ಹೇಳಿದ್ದಳು. ಗಂಡಸು ಮೇಷ್ಟ್ರುಗಳೆಲ್ಲ ಫ್ಯಾನು ನೋಡುತ್ತ ಕೂತರು. ಸೆಕ್ರೆಟರಿ “ನೋಟ್ ಮಾಡ್ಕೊಂಡಿದೀನಿ ಸಿಸ್ಟರ್” ಎಂದರು. ಅವರ ಕೈಯಲ್ಲಿ ಪೆನ್ನೇ ಇರಲಿಲ್ಲ.

ಸೆಕ್ರೆಟರಿ ಎಂದರೆ ಮುನಿಕೃಷ್ಣ. ಶಾಲೆ ನಿಂತಿರುವುದು ಅವರ ತಾತನ ರಾಗಿ ಹೊಲದ ಮೇಲೆ. ಹೊಲದ ಉಳಿದ ಭಾಗದಲ್ಲಿ ಸಾಲು ಸಾಲು ಬಾಡಿಗೆ ರೂಮುಗಳಿವೆ. ಆ ರೂಮುಗಳಲ್ಲಿ ಯಾದಗಿರಿ, ರಾಯಚೂರು, ಕೊಪ್ಪಳದ ಕಡೆಯಿಂದ ಬಂದು ಗಾರ್ಮೆಂಟ್ಸಿಗೂ ಕಟ್ಟಡದ ಕೆಲಸಕ್ಕೂ ಹೋಗುವವರಿದ್ದಾರೆ. ಅವರ ಮಕ್ಕಳು ನಮ್ಮ ಶಾಲೆಗೆ ಬರುತ್ತಾರೆ. ಮುನಿಕೃಷ್ಣ ಕೆಟ್ಟವರಲ್ಲ. ಮಕ್ಕಳ ದಿನಾಚರಣೆಗೆ ಸ್ವಂತ ಖರ್ಚಿನಲ್ಲಿ ಲಾಡು ಹಂಚುತ್ತಾರೆ. ಅವರಿಗಿರುವುದು ಒಂದೇ ಭಯ, ಕಂಪ್ಲೇಂಟಿನದು.

ಇನ್ನು ಆ ಜ್ವರದ ವಿಷಯ. ಬೆಳಗಿನ ಪ್ರಾರ್ಥನೆಯಲ್ಲಿ ಎಲ್ಲ ಮಕ್ಕಳೂ ಚೆನ್ನಾಗಿಯೇ ನಿಂತಿರುತ್ತವೆ. ಹನ್ನೊಂದು ಗಂಟೆಯ ಬ್ರೇಕ್ ಹತ್ತಿರವಾಗುತ್ತಿದ್ದಂತೆ ಒಂದೊಂದೇ ತಲೆ ಡೆಸ್ಕಿನ ಮೇಲೆ ಬೀಳುತ್ತದೆ. ಮುಟ್ಟಿದರೆ ಹಂಚಿನ ಹಾಗೆ ಸುಡುತ್ತಿರುತ್ತದೆ. ಮೊದಲ ತಿಂಗಳು ನೀಲಾಂಬಿಕಾಳಿಗೆ ಇದೇನು ವಿಚಿತ್ರ ಅನ್ನಿಸಿತ್ತು. ಆಮೇಲೆ ಗುಟ್ಟು ತಿಳಿಯಿತು. ತಾಯಂದಿರು ಫ್ಯಾಕ್ಟರಿ ಬಸ್ಸು ಹಿಡಿಯುವ ಮುಂಚೆ ಮಗುವಿಗೆ ಜ್ವರದ ಸಿರಪ್ ಕುಡಿಸುತ್ತಾರೆ. ಮಗು ಬೆವರಿ, ತಣ್ಣಗಾಗಿ, ಶಾಲೆಗೆ ಬರುತ್ತದೆ. ಔಷಧಿಯ ಬಲ ಇಳಿಯುವ ಹೊತ್ತಿಗೆ ಜ್ವರ ಮತ್ತೆ ಏರುತ್ತದೆ. ಇದಕ್ಕೆ ಅವಳೇ ಇಟ್ಟ ಹೆಸರು ‘ಹನ್ನೊಂದು ಗಂಟೆಯ ಜ್ವರ’.

ಜ್ವರ ಬಂದ ಮಗುವನ್ನು ಮನೆಗೆ ಕಳಿಸಬೇಕೆಂದು ನಿಯಮ. ಮನೆಯಲ್ಲಿ ಯಾರಿದ್ದಾರೆ? ರೂಮಿಗೆ ಬೀಗ. ತಾಯಿಗೆ ಫೋನ್ ಮಾಡೋಣವೆಂದರೆ ಗಾರ್ಮೆಂಟ್ಸಿನಲ್ಲಿ ಹೆಂಗಸರು ಫೋನನ್ನು ಗೇಟಿನ ಪೆಟ್ಟಿಗೆಗೆ ಹಾಕಿ ಒಳಗೆ ಹೋಗಬೇಕು. ನೀಲಾಂಬಿಕಾ ಮಾಡಿದ ಫೋನ್ ಅಲ್ಲಿ, ಆ ಪೆಟ್ಟಿಗೆಯಲ್ಲಿ, ನೂರಾರು ಫೋನುಗಳ ನಡುವೆ ಬಡಿದುಕೊಂಡು ಸುಮ್ಮನಾಗುತ್ತದೆ. ಸಂಜೆ ಆರರ ಮೇಲೆ ತಾಯಿ ಅದನ್ನು ನೋಡಿ, ಎದೆ ಒಡೆದುಕೊಂಡು ಓಡಿ ಬರುತ್ತಾಳೆ. ಅಷ್ಟರೊಳಗೆ ಮಗು ಇಡೀ ದಿನ ಸಿಕ್ ರೂಮಿನ ಒಂದೇ ಮಂಚದ ಮೇಲೆ, ಮತ್ತಿಬ್ಬರು ಜ್ವರದವರ ಜೊತೆ ಮಲಗಿರುತ್ತದೆ.

ಇದು ಹೇಗೋ ನಡೆದುಕೊಂಡು ಹೋಗುತ್ತಿತ್ತು. ಕಳೆದ ವರ್ಷ ಮಳೆಗಾಲದಲ್ಲಿ ಎರಡನೇ ಕ್ಲಾಸಿನ ಅರ್ಧ ಮಕ್ಕಳು ಮಲಗಿದಾಗ ಒಂದಿಬ್ಬರು ಪೋಷಕರು ಆಫೀಸಿಗೆ ಬಂದು ಕೂಗಾಡಿದರು. ಕಂಪ್ಲೇಂಟ್! ಮುನಿಕೃಷ್ಣ ಕೊರೋನಾ ಕಾಲದ ಥರ್ಮಾಮೀಟರ್ ಗನ್ನನ್ನು ಬೀರುವಿನಿಂದ ತೆಗೆಸಿ, ಹೊಸ ಸೆಲ್ ಹಾಕಿಸಿ ಅವಳ ಕೈಗೆ ಕೊಟ್ಟರು. “ನಾಳೆಯಿಂದ ಗೇಟಲ್ಲೇ ಚೆಕ್ ಮಾಡಿ ಸಿಸ್ಟರ್. ಜ್ವರ ಇದ್ರೆ ಅಲ್ಲಿಂದ್ಲೇ ವಾಪಸ್.”

ನೀಲಾಂಬಿಕಾ ಅದನ್ನು ಸಂತೋಷದಿಂದಲೇ ತೆಗೆದುಕೊಂಡಳು. ಅವಳಿಗೂ ಸಿಟ್ಟಿತ್ತಲ್ಲ. “ಔಷಧ ಹಾಕಿ ಮುಚ್ಚಿಟ್ಟು ಕಳಸ್ತಾರ್ರಿ ಟೀಚರ್. ನಾನೇನು ಇಲ್ಲಿ ಕಣ್ಣು ಮುಚ್ಚಿ ಕುಂತೀನೇನು?” ಎಂದು ಗೇಟಿನಲ್ಲಿ ನಿಂತಳು. ಮಕ್ಕಳ ಹಣೆಗೆ ಗನ್ ಹಿಡಿದಳು. ತಾಯಂದಿರಿಗೆ ರಸ್ತೆಯಲ್ಲೇ ಜೋರು ಮಾಡಿದಳು: “ಸಿರಪ್ ಹಾಕಿ ಕಳಿಸಿದ್ದು ಗೊತ್ತಾದರ ನೋಡ್ರಿ, ಹೆಸರು ಹೊಡೆದು ಹಾಕಸ್ತೀನಿ!” ಹೆಸರು ಹೊಡೆಯುವ ಅಧಿಕಾರ ಅವಳಿಗೆಲ್ಲಿಯದು? ಬಾಯಿಗೆ ಬಂತು, ಅಂದಳು. ಅವರು ಅದನ್ನು ನಂಬಿದರು. ಅವಳಿಗೆ ‘ಗನ್ ಸಿಸ್ಟರ್’ ಎಂದು ಹೆಸರೂ ಬಿತ್ತು.

ನೀನು ಚಾಪೆ ಕೆಳಗೆ ತೂರಿದರೆ ನಾನು ರಂಗೋಲಿ ಕೆಳಗೆ ತೂರುತ್ತೇನೆ ಅನ್ನುವುದು ಸುಮ್ಮನೆ ಅಲ್ಲ. ತಾಯಂದಿರು ಸಿರಪ್ಪಿನ ಪ್ರಮಾಣ ಏರಿಸಿದರು. ಗೇಟು ಬರುವ ಮೊದಲು ಒದ್ದೆ ಬಟ್ಟೆಯಿಂದ ಹಣೆ ಒರೆಸಿದರು. ‘ಸಿಸ್ಟರ್ ಕೇಳಿದರ ಔಷಧ ಕುಡಿದಿಲ್ಲ ಅನ್ನು’ ಎಂದು ಮಗುವಿಗೆ ಪಾಠ ಹೇಳಿಕೊಟ್ಟರು. ನನ್ನ ಪದ್ಯ ನಾಲ್ಕು ಸಲ ಹೇಳಿಸಿದರೂ ಬಾರದ ಮಕ್ಕಳು ಈ ಒಂದು ವಾಕ್ಯವನ್ನು ತಪ್ಪಿಲ್ಲದೆ ಒಪ್ಪಿಸುತ್ತಿದ್ದವು. ಹನ್ನೊಂದು ಗಂಟೆಯ ಜ್ವರ ಮಾತ್ರ ತನ್ನ ಹೊತ್ತಿಗೆ ಬರುತ್ತಲೇ ಇತ್ತು.

ಎರಡನೇ ಕ್ಲಾಸಿನ ಸ್ಫೂರ್ತಿಗೆ ಒಂದು ಬುಧವಾರ ಜ್ವರ ಬಂದದ್ದೂ ಹಾಗೆಯೇ. ಅವಳ ತಾಯಿ ಹನುಮವ್ವ ಗಾರ್ಮೆಂಟ್ಸಿನಲ್ಲಿ ಟೈಲರ್, ತಂದೆ ಯಮನಪ್ಪ ಸೆಂಟ್ರಿಂಗ್ ಕೆಲಸದವನು, ಸೈಟಿನಲ್ಲೇ ಉಳಿದು ಭಾನುವಾರ ಮನೆಗೆ ಬರುತ್ತಾನೆ. ಮುನಿಕೃಷ್ಣರ ರೂಮುಗಳಲ್ಲೇ ಮಹಡಿಯ ಮೇಲಿನದು ಇವರದು. ಸ್ಫೂರ್ತಿಯನ್ನು ಮಂಚದ ಮೇಲೆ ಮಲಗಿಸಿ ನೀಲಾಂಬಿಕಾ ಕೇಳಿದ್ದು ನನಗೆ ಗೋಡೆಯಾಚೆಯಿಂದ ಕೇಳಿಸಿತು: “ಬೆಳಿಗ್ಗಿ ಅವ್ವ ಔಷಧ ಕುಡಿಸಿದಳೇನವಾ?”

“ಇಲ್ಲ ಮಿಸ್.”

“ನಿನ್ನೆ ರಾತ್ರಿ?”

“ಇಲ್ಲ ಮಿಸ್.”

ಜ್ವರ ಬಹಳ ಇತ್ತು. ನೀಲಾಂಬಿಕಾ ತೂಕ ನೋಡಿ, ಅಳೆದು ಔಷಧಿ ಕುಡಿಸಿದಳು. ಮಧ್ಯಾಹ್ನ ಮಗು ವಾಂತಿ ಮಾಡಿಕೊಂಡಿತು. ಮತ್ತೆ ಮಾಡಿಕೊಂಡಿತು. ಆಮೇಲೆ ಕರೆದರೆ ಓಗೊಡದೆ ಕಣ್ಣು ಎಳೆಯತೊಡಗಿತು. ನೀಲಾಂಬಿಕಾ ಮಗುವನ್ನು ಎತ್ತಿಕೊಂಡು ಹೊರಗೆ ಬಂದಾಗ ಅವಳ ಮುಖ ನೋಡಿ ನಾನು ಚಪ್ಪಲಿ ಮೆಟ್ಟಿ ಜೊತೆಗೆ ಓಡಿದೆ. ಆಟೋದಲ್ಲಿ ಹತ್ತಿರದ ಆಸ್ಪತ್ರೆಗೆ ಹೋದೆವು.

ಡ್ಯೂಟಿ ಡಾಕ್ಟರು ಕೇಳಿದ್ದು ಒಂದೇ ಪ್ರಶ್ನೆ. ಜ್ವರ ಎಷ್ಟು ದಿನದಿಂದ, ಅಷ್ಟೂ ದಿನ ಏನೇನು ಔಷಧಿ, ಎಷ್ಟೆಷ್ಟು ಸಲ ಕೊಟ್ಟಿದ್ದಾರೆ? ಜ್ವರದ ಔಷಧಿ ಮಿತಿ ಮೀರಿ ಹೊಟ್ಟೆಗೆ ಸೇರಿದ್ದರೆ ಲಿವರಿಗೆ ಏಟು ಬೀಳುತ್ತದೆ, ಅದಕ್ಕೆ ಬೇರೆಯೇ ಚಿಕಿತ್ಸೆ ಶುರು ಮಾಡಬೇಕು, ರಕ್ತದ ರಿಪೋರ್ಟ್ ಬರುವ ತನಕ ಕಾಯುವುದಕ್ಕಿಂತ ತಾಯಿಯನ್ನು ಕೇಳುವುದು ಬೇಗ ಎಂದರು. ನೀಲಾಂಬಿಕಾ ನನ್ನನ್ನು ಮಗುವಿನ ಹತ್ತಿರ ಬಿಟ್ಟು ಅದೇ ಆಟೋ ಹತ್ತಿ ಫ್ಯಾಕ್ಟರಿಗೆ ಹೋದಳು.

ಅಲ್ಲಿ ನಡೆದದ್ದನ್ನು ಆಮೇಲೆ ಅವಳೇ ಹೇಳಿದಳು. ಗೇಟಿನ ಸೆಕ್ಯೂರಿಟಿ, “ಹೊಲಿಗೆ ಲೈನಲ್ಲಿದಾರೆ ಮೇಡಂ, ಸೂಪರ್‌ವೈಸರ್ ಪರ್ಮಿಶನ್ ಬೇಕು” ಎಂದನಂತೆ. ಸೂಪರ್‌ವೈಸರು ಫ್ಲೋರ್ ಇನ್‌ಚಾರ್ಜನ್ನು ಕೇಳಬೇಕೆಂದನಂತೆ. ಇನ್‌ಚಾರ್ಜು ಮೀಟಿಂಗಿನಲ್ಲಿದ್ದನಂತೆ. ಕಡೆಗೆ ಇವಳು ಬಿಳಿ ಕೋಟಿನಲ್ಲೇ ಗೇಟಿಗೆ ಅಡ್ಡ ನಿಂತು, ಒಳಗೆ ಹೋಗಬೇಕಿದ್ದ ಲಾರಿಯನ್ನು ತಡೆದು, “ಕೂಸು ಸಾಯಾಕ ಹತ್ತೈತಿ, ಹನುಮವ್ವನ್ನ ಕರೀರೋ!” ಎಂದು ಕೂಗಿದ ಮೇಲೆ ಹನುಮವ್ವ ಹೊರಗೆ ಬಂದದ್ದು.

ಆಸ್ಪತ್ರೆಯಲ್ಲಿ ನಡೆದದ್ದನ್ನು ಮಾತ್ರ ನಾನೇ ಕಣ್ಣಾರೆ ಕಂಡೆ. ಹನುಮವ್ವನ ಕೂದಲ ತುಂಬ ಬಟ್ಟೆಯ ನಾರು. ಮಗಳ ಕೈಗೆ ಸೂಜಿ ಹಾಕಿದ್ದನ್ನು ನೋಡಿ ಗೋಡೆಗೆ ಆತುಕೊಂಡಳು. ನೀಲಾಂಬಿಕಾ ಅವಳ ಎರಡೂ ಭುಜ ಹಿಡಿದುಕೊಂಡು ಕೇಳಿದಳು, “ಖರೇ ಹೇಳು. ಎಷ್ಟು ಸಲ ಔಷಧ ಕೊಟ್ಟಿ?”

“ಕೊಟ್ಟಿಲ್ರಿ ಸಿಸ್ಟರ್.”

“ಹನುಮವ್ವಾ, ಡಾಕ್ಟರ್ ಕೇಳಾಕ ಹತ್ಯಾರ. ಕೂಸಿನ ಜೀವದ ಪ್ರಶ್ನಿ.”

“ದೇವರಾಣಿ ಕೊಟ್ಟಿಲ್ರಿ. ಜ್ವರಾನ ಇರಲಿಲ್ರಿ. ಹೆಸರು ಹೊಡಿಬ್ಯಾಡ್ರಿ ಸಿಸ್ಟರ್, ನಿಮ್ಮ ಕಾಲಿಗೆ ಬೀಳ್ತೀನಿ.”

ನಿಜವಾಗಿಯೂ ಕಾಲಿಗೆ ಬಿದ್ದಳು. ಮಗಳು ಎದುರಿಗೆ ಮಂಚದ ಮೇಲೆ ಪ್ರಜ್ಞೆಯಿಲ್ಲದಂತೆ ಮಲಗಿದ್ದಾಳೆ, ತಾಯಿ ನರ್ಸಿನ ಕಾಲು ಹಿಡಿದು ಶಾಲೆಯಿಂದ ಹೆಸರು ಹೊಡೆಯಬೇಡಿ ಎನ್ನುತ್ತಿದ್ದಾಳೆ. ನನಗೆ ಅವಳ ಮೇಲೆ ಎಷ್ಟು ಸಿಟ್ಟು ಬಂತೆಂದರೆ ಎಳೆದು ನಿಲ್ಲಿಸಿ ಎರಡು ಬಿಡಬೇಕೆನ್ನಿಸಿತು. ನೀಲಾಂಬಿಕಾ ಮಾತ್ರ ಬೈಯಲಿಲ್ಲ. ಅವಳೂ ನೆಲದ ಮೇಲೆ ಹನುಮವ್ವನ ಪಕ್ಕ ಕೂತಳು.

“ಹೆಸರು ಹೊಡೆಯೂದು ನನ್ನ ಕೈಯಾಗ ಇಲ್ಲವಾ. ನಾ ಸುಳ್ಳು ಹೇಳಿದ್ದೆ. ಸಿಟ್ಟಿನಾಗ ಅಂದಿದ್ದೆ. ನಾ ಸುಳ್ಳು ಹೇಳಿದ್ದು ಒಪ್ಪಿಕೊಂಡೆ, ಈಗ ನೀ ಹೇಳು.”

ಆಗ ಹನುಮವ್ವ ಬಿಕ್ಕುತ್ತ ಎಲ್ಲ ಹೇಳಿದಳು. ಭಾನುವಾರದಿಂದ ಜ್ವರ. ರಜೆ ಕೇಳಿದರೆ ಸೂಪರ್‌ವೈಸರು ಲೈನಿನ ಮಧ್ಯೆ ನಿಲ್ಲಿಸಿ ಬೈಯುತ್ತಾನೆ. ಬೆಳಿಗ್ಗೆ ಸಿರಪ್, ಅದರ ಮೇಲೆ ಗನ್ನಿಗೆ ಸಿಗಬಾರದೆಂದು ದೊಡ್ಡವರ ಮಾತ್ರೆ ಅರ್ಧ ಅರೆದು ಚಹಾದಲ್ಲಿ. ಸಂಜೆ ಮತ್ತೆ ಹಾಗೇ, ಮಲಗುವಾಗ ಮತ್ತೆ. ಮಗು ಊಟ ಬಿಟ್ಟು ಎರಡು ದಿನವಾಗಿತ್ತು. ನೀಲಾಂಬಿಕಾ ಎದ್ದು ಹೋಗಿ ಡಾಕ್ಟರಿಗೆ ಎಲ್ಲವನ್ನೂ ಹೇಳಿದಳು, ತಾನು ಕುಡಿಸಿದ್ದನ್ನೂ ಸೇರಿಸಿ. ಚಿಕಿತ್ಸೆ ಕೂಡಲೇ ಶುರುವಾಯಿತು. ಸ್ಫೂರ್ತಿ ಬದುಕಿದಳು. ವಾರ ಕಳೆದು ಮನೆಗೂ ಬಂದಳು.

ಅಲ್ಲಿಗೆ ಮುಗಿದಿದ್ದರೆ ನಾನು ಇದನ್ನು ಬರೆಯುತ್ತಿರಲಿಲ್ಲ.

ನೀಲಾಂಬಿಕಾ ಗನ್ನನ್ನು ಬೀರುವಿಗೆ ಹಾಕಿದಳು. ಸಂಜೆ ಶಾಲೆ ಬಿಟ್ಟ ಮೇಲೆ ಮನೆಗೆ ಹೋಗದೆ, ಫ್ಯಾಕ್ಟರಿ ಬಸ್ಸುಗಳು ಹೆಂಗಸರನ್ನು ಇಳಿಸುವ ಜಾಗದಲ್ಲಿ ಕಾದು ನಿಂತಳು. ಬಂದವರಿಗೆಲ್ಲ ಒಂದೇ ಮಾತು: “ನಾ ವಾಪಸ್ ಕಳಸಂಗಿಲ್ಲ. ಕೂಸಿಗೆ ಜ್ವರದ ಔಷಧ ಕೊಟ್ಟಿದ್ದರ ಅದರ ಅಂಗೈ ಮ್ಯಾಲ ಪೆನ್ನಿಲೆ ಗಂಟಿ ಬರೀರಿ. ಆರಕ್ಕ ಕೊಟ್ಟರ ಆರು. ಇಷ್ಟ ಸಾಕು. ಉಳಿದದ್ದು ನನಗ ಬಿಡ್ರಿ.”

ಯಾರೂ ನಂಬಲಿಲ್ಲ. ನಂಬಲು ಅವರಿಗೇನು ತಲೆ ಕೆಟ್ಟಿತ್ತೆ? ನಿನ್ನೆಯ ತನಕ ಹಣೆಗೆ ಗನ್ ಹಿಡಿದವಳು. ಹಲವು ದಿನ ಒಂದು ಕೈಯ ಮೇಲೂ ಏನೂ ಇರಲಿಲ್ಲ. ಮೊದಲು ಬರೆದದ್ದು ಹನುಮವ್ವನೇ. ಸ್ಫೂರ್ತಿಗೆ ನೆಗಡಿಯಾಗಿ ಮೈ ಬೆಚ್ಚಗಿದ್ದ ಒಂದು ದಿನ ಅವಳ ಅಂಗೈಯಲ್ಲಿ ನೀಲಿ ಇಂಕಿನ ದೊಡ್ಡ ಆರು. ನೀಲಾಂಬಿಕಾ ಆ ಕೈಯನ್ನು ಪ್ಲೈವುಡ್ ಗೋಡೆ ಸುತ್ತಿಕೊಂಡು ಬಂದು ನನಗೆ ತೋರಿಸಿದಳು. ಮಗುವಿಗೆ ಬಹುಮಾನ ಬಂದಿದೆಯೇನೋ ಅನ್ನುವ ಹಾಗೆ ಅವಳ ಮುಖ ಅರಳಿತ್ತು. ಆಮೇಲೆ ಒಂದೊಂದೇ ಕೈ ಬರತೊಡಗಿತು. ಬರೆಯಲು ಬಾರದ ತಾಯಂದಿರು ಪಕ್ಕದ ರೂಮಿನವರಿಂದ ಬರೆಸಿದರು.

ಕೈ ಮೇಲೆ ಗಂಟೆ ಇದ್ದವರನ್ನು ನೀಲಾಂಬಿಕಾ ಕ್ಲಾಸಿಗೆ ಬಿಡುತ್ತಿರಲಿಲ್ಲ. ಸಿಕ್ ರೂಮಿನಲ್ಲೇ ಚಾಪೆ ಹಾಸಿ ಬೇರೆ ಬೇರೆ ಕೂರಿಸುತ್ತಿದ್ದಳು. ಗಂಟೆ ನೋಡಿ ಔಷಧಿ, ಗಂಜಿ, ನೀರು. ಜ್ವರ ಬಿಡದಿದ್ದರೆ ಸಂಜೆ ತಾಯಿಯ ಜೊತೆ ತಾನೇ ಡಾಕ್ಟರ ಬಳಿ ಹೋಗುತ್ತಿದ್ದಳು. ಕ್ಲಾಸಿನಲ್ಲಿ ಜ್ವರ ಹರಡುವುದೂ ಕಡಿಮೆಯಾಯಿತು. ಏಕೆಂದರೆ ಈಗ ಯಾರಿಗೆ ಜ್ವರವೆಂದು ಗೊತ್ತಿತ್ತಲ್ಲ. ಇದಕ್ಕೆ ಶಾಲೆ ಬಿಡಿಗಾಸೂ ಖರ್ಚು ಮಾಡಲಿಲ್ಲ, ಒಂದು ಪೆನ್ನೂ ಕೊಡಲಿಲ್ಲ.

ಹೀಗೆ ನಡೆಯುತ್ತಿರುವಾಗ ಯಾರೋ ಒಬ್ಬ ತಂದೆ, ಫ್ಲೆಕ್ಸ್ ನೋಡಿ ಮಗನನ್ನು ಸೇರಿಸಲು ಬಂದವನು, ಸಿಕ್ ರೂಮಿನ ಚಾಪೆಗಳನ್ನು ಕಂಡು, “ಇದೇನ್ ಸಾರ್, ಸ್ಕೂಲೋ ಆಸ್ಪತ್ರೆಯೋ?” ಎಂದುಬಿಟ್ಟ. ಮುನಿಕೃಷ್ಣ ನೀಲಾಂಬಿಕಾಳನ್ನು ಕರೆಸಿದರು. ಅವಳು ಮುಚ್ಚುಮರೆಯಿಲ್ಲದೆ ಎಲ್ಲ ವಿವರಿಸಿದಳು. ಒಳ್ಳೆಯ ಕೆಲಸ ಮಾಡಿದವರಿಗೆ ಇದೊಂದು ರೋಗ, ಕೇಳಿದವರಿಗೆಲ್ಲ ವಿವರಿಸುವುದು. ಮುನಿಕೃಷ್ಣ ಗಮನವಿಟ್ಟು ಕೇಳಿದರು. ತೊಡೆ ತಟ್ಟಿಕೊಂಡರು.

“ಎಷ್ಟ್ ಸುಲಭ ಆಯ್ತಲ್ಲ ಸಿಸ್ಟರ್! ಇನ್ ಆ ಗನ್ ಗಿನ್ ಏನೂ ಬೇಡ. ಕೈ ನೋಡುದ್ರೆ ಸಾಕು, ಯಾರ್ ಸಿರಪ್ ಕುಡ್ದು ಬಂದವ್ರೆ ಅಂತ ಗೊತ್ತಾಗ್ತದೆ. ಆವಲಪ್ಪಂಗೆ ಹೇಳ್ತೀನಿ, ಗೇಟಲ್ಲೇ ನೋಡಿ ವಾಪಸ್ ಕಳುಸ್ಲಿ.”

ನೀಲಾಂಬಿಕಾ ಬೇಡ ಎಂದಳು. ಕೈ ಮುಗಿದಳು. ಹೀಗೆ ಮಾಡಿದರೆ ನಾಳೆಯಿಂದ ಒಬ್ಬ ತಾಯಿಯೂ ನಿಜ ಹೇಳುವುದಿಲ್ಲ ಎಂದಳು. ಸ್ಫೂರ್ತಿಯ ವಿಷಯ ಎತ್ತಿದಳು. “ಅದೇ ನಾನೂ ಹೇಳ್ತಿರೋದು ಸಿಸ್ಟರ್, ಅಂಗೇನಾರ ಇಲ್ಲೇ ಆದ್ರೆ ಸ್ಕೂಲ್ ಹೆಸ್ರು ಏನಾಗ್ಬೇಕು?” ಎಂದರು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ. ನಾನೂ ಹೋಗಿ ಹೇಳಿದೆ. “ಶೋಭಾ ಮೇಡಂ, ನೀವು ಕನ್ನಡ ನೋಡ್ಕೊಳ್ಳಿ” ಎಂದರು.

ಮರುದಿನ ವಾಚ್‌ಮನ್ ಆವಲಪ್ಪ ಗೇಟಿನಲ್ಲಿ ನಿಂತು, “ಕೈ ತೋರ್ಸಿ, ಕೈ ತೋರ್ಸಿ” ಎಂದ. ಮಕ್ಕಳು ಆಟವೆಂದು ಖುಷಿಯಿಂದ ಎರಡೂ ಕೈ ಚಾಚಿದವು. ಗಂಟೆ ಬರೆದಿದ್ದವರನ್ನೆಲ್ಲ ಅಲ್ಲಿಂದಲೇ ತಿರುಗಿಸಿ ಕಳಿಸಿದ. ನೀಲಾಂಬಿಕಾ ಓಡಿ ಬರುವಷ್ಟರಲ್ಲಿ ಅವು ಬೀದಿಯಲ್ಲಿ ಚದುರಿದ್ದವು. ಅವಳು ಗಲ್ಲಿ ಗಲ್ಲಿ ಸುತ್ತಿ ಹುಡುಕಿ ಕೆಲವರನ್ನು ಕರೆತಂದಳು. ಸ್ಫೂರ್ತಿ ಸಿಗಲಿಲ್ಲ. ಅವಳು ಬೀಗ ಹಾಕಿದ ರೂಮಿನ ಮುಂದೆ, ಮುನಿಕೃಷ್ಣರದೇ ಕಟ್ಟಡದ, ಬೀದಿಗೆ ಕಾಣದ ಟೆರೇಸಿನ ಮೆಟ್ಟಿಲ ಮೇಲೆ, ತಾಯಿ ಬರುವ ತನಕ ಜ್ವರದಲ್ಲಿ ಕೂತಿದ್ದಳಂತೆ.

ಸಂಜೆ ಬಸ್ಸು ನಿಲ್ಲುವ ಜಾಗಕ್ಕೆ ನಾವಿಬ್ಬರೂ ಹೋದೆವು. ನೀಲಾಂಬಿಕಾ ಹೇಳಲು ಹೊರಟದ್ದನ್ನು ಯಾರೂ ಕೇಳಿಸಿಕೊಳ್ಳಲಿಲ್ಲ. ಹನುಮವ್ವ ಬೈಯಲೂ ಇಲ್ಲ, ಅಳಲೂ ಇಲ್ಲ. “ನೀವು ಹೇಳಿದಾಂಗ ಬರದಿದ್ನೆಲ್ರಿ ಸಿಸ್ಟರ್” ಎಂದಷ್ಟೇ ಹೇಳಿ ಬ್ಯಾಗು ಹೆಗಲಿಗೇರಿಸಿಕೊಂಡು ಹೊರಟುಹೋದಳು. ನೀಲಾಂಬಿಕಾ ರಸ್ತೆಯ ಬದಿಯಲ್ಲೇ ನಿಂತು ಅತ್ತಳು. ನನಗೆ ಮೈಯೆಲ್ಲ ಉರಿಯುತ್ತಿತ್ತು. ಯಾರನ್ನು ಬೈಯಬೇಕು ಎಂದು ಮಾತ್ರ ತಿಳಿಯಲಿಲ್ಲ; ಬೈಯಬೇಕಾದವರೆಲ್ಲ ತಮ್ಮ ತಮ್ಮ ನಿಯಮ ಪಾಲಿಸಿದವರೇ.

ಎರಡು ದಿನ ಬಿಟ್ಟು ಸ್ಫೂರ್ತಿ ಶಾಲೆಗೆ ಬಂದಳು. ಅಂದು ಗೇಟಿನಲ್ಲಿ ಒಂದು ಕೈಯ ಮೇಲೂ ಗಂಟೆ ಇರಲಿಲ್ಲ. “ಇವತ್ ಒಬ್ರಿಗೂ ಜ್ವರ ಇಲ್ಲ ಸಾರ್” ಎಂದು ಆವಲಪ್ಪ ಆಫೀಸಿಗೆ ಬಂದು ಹೇಳಿದ. ಮುನಿಕೃಷ್ಣರಿಗೆ ಸಮಾಧಾನವಾಯಿತು.

ಹನ್ನೊಂದು ಗಂಟೆಗೆ ಸ್ಫೂರ್ತಿಯನ್ನು ಅವಳ ಕ್ಲಾಸ್ ಟೀಚರು ಎತ್ತಿಕೊಂಡು ಬಂದರು. ನಾನೂ ಎದ್ದು ಸಿಕ್ ರೂಮಿಗೆ ಹೋದೆ. ನೀಲಾಂಬಿಕಾ ಥರ್ಮಾಮೀಟರ್ ನೋಡಿ, ಸಿರಪ್ಪಿನ ಬಾಟಲಿ ಕೈಗೆ ತೆಗೆದುಕೊಂಡಳು. ಮುಚ್ಚಳ ತೆಗೆಯಲಿಲ್ಲ. ಮಂಚದ ಪಕ್ಕ ಮೊಣಕಾಲೂರಿ, ಬಹಳ ಮೆಲ್ಲಗೆ ಕೇಳಿದಳು, “ಸ್ಫೂರ್ತಿ, ಬೆಳಿಗ್ಗಿ ಅವ್ವ ಔಷಧ ಕುಡಿಸಿದಳೇನವಾ? ನಾ ಯಾರಿಗೂ ಹೇಳಂಗಿಲ್ಲ.”

ಮಗು ಅವಳನ್ನೇ ನೋಡಿತು. ಆಮೇಲೆ, ಯಾರೂ ಕೇಳದಿದ್ದರೂ, ಎರಡೂ ಕೈ ಮುಂದೆ ಚಾಚಿತು. ಅಂಗೈಗಳು ಉಜ್ಜಿ ಉಜ್ಜಿ ಕೆಂಪಾಗಿದ್ದವು.

“ನೋಡ್ರಿ ಮಿಸ್, ಏನೂ ಇಲ್ಲ.”

ನೀಲಾಂಬಿಕಾ ಬಾಟಲಿಯನ್ನು ಕಪಾಟಿನಲ್ಲಿಟ್ಟು, ಬಟ್ಟೆ ಒದ್ದೆ ಮಾಡಿಕೊಂಡು ಬಂದು ಮಗುವಿನ ಹಣೆಯ ಮೇಲೆ ಹಾಕಿದಳು. ಹನುಮವ್ವನಿಗೆ ಫೋನ್ ಹಚ್ಚಿ ಕಿವಿಗಿಟ್ಟುಕೊಂಡಳು. ಅದು ರಿಂಗಾಗುತ್ತಲೇ ಇತ್ತು.